ಇನ್ಸುಲಿನ್ ಸೂಜಿ ಬಳಸಿದ ಮೇಲೆ ಎಲ್ಲಿ ಹಾಕಬೇಕು?

ಅಮ್ಮನಿಗೆ ಹೋದ ವಾರದಿಂದ ದಿನಕ್ಕೆ ಎರಡು ಸಲ ಇನ್ಸುಲಿನ್ ಶುರುವಾಗಿದೆ, ಬಳಸಿದ ಸೂಜಿ ಒಣಕಸಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಹಸಿಕಸಕ್ಕೂ ಬೇಡ, ಟಾಯ್ಲೆಟ್ಟಿಗೂ ಬೇಡ.

ನಾನು ಹನ್ನೊಂದು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಶುರುವಿನಲ್ಲಿ ಸೂಜಿಗಳನ್ನು ಖಾಲಿ ಹಾಲಿನ ಕವರಿಗೆ ತುಂಬಿ, ಗಂಟು ಕಟ್ಟಿ ಕಸದ ಜೊತೆ ಕೊಡುತ್ತಿದ್ದೆ. ಒಂದು ದಿನ ಕಸದ ಆಟೋ ಬಂದಾಗ ನನ್ನ ಚೀಲ ಹಿಡಿದ ಅಕ್ಕ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ಹೆಬ್ಬೆರಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಸೆರಗಿಗೆ ಒರೆಸಿಕೊಂಡು, "ಬಿಡಿ ಅಮ್ಮಾ, ದಿನಾ ಏನಾದ್ರೂ ಚುಚ್ಚುತ್ತೆ" ಅಂದರು. ನಲ್ಲಿ ಕೆಳಗೆ ಸೋಪು ಹಾಕಿ ಕೈ ತೊಳೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ನನ್ನ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಇಬ್ಬರಿಗೂ ಏನೂ ಆಗಿರಲಿಲ್ಲ. ಆದರೆ ರಿಪೋರ್ಟ್ ಬರುವ ತನಕ ನನಗೆ ಊಟ ಸೇರಲಿಲ್ಲ.

ಶುಗರ್ ಅಂಟುವ ಕಾಯಿಲೆಯಲ್ಲ, ನಿಜ. ಆದರೆ ರಕ್ತದಲ್ಲಿ ಬೇರೆ ಏನಿದೆ ಅಂತ ನಮಗೇ ಗೊತ್ತಿರುವುದಿಲ್ಲ ಅಲ್ವಾ? ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ 7 ದಿನ ಬದುಕಿರಬಲ್ಲದು.

ಮನೆಯಲ್ಲಿ ಬಟ್ಟೆ ತೊಳೆಯುವ ಲಿಕ್ವಿಡ್‌ನ ಖಾಲಿ ಡಬ್ಬಿ ಇದ್ದರೆ ಅದೇ ಸಾಕು. ದಪ್ಪ ಪ್ಲಾಸ್ಟಿಕ್, ತಿರುಗಿಸುವ ಮುಚ್ಚಳ ಇರಬೇಕು. ನೀರಿನ ಬಾಟಲಿ ತೆಳು, ಸೂಜಿ ಹೊರಗೆ ಬರುತ್ತದೆ. ಗಾಜು ಒಡೆಯುತ್ತದೆ. ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ "ಸೂಜಿ ಇದೆ, ತೆರೆಯಬೇಡಿ" ಅಂತ ಬರೆಯಿರಿ. ಮಕ್ಕಳ ಕೈಗೆ ಸಿಗದ ಕಡೆ, ಆದರೆ ಅಮ್ಮ ಚುಚ್ಚಿಕೊಳ್ಳುವ ಜಾಗದ ಹತ್ತಿರವೇ ಇಡಿ. ದೂರ ಇದ್ದರೆ ಸೂಜಿ ಸುಮ್ನೆ ಟೇಬಲ್ ಮೇಲೆ ಉಳಿಯುತ್ತದೆ.

ಸಿರಿಂಜ್ ಆದರೆ ಮುಚ್ಚಳ ಹಾಕಲು ಹೋಗಬೇಡಿ, ಎಷ್ಟೋ ಜನ ಚುಚ್ಚಿಕೊಳ್ಳುವುದು ಆಗಲೇ. ಸೂಜಿ ಬಗ್ಗಿಸುವುದು, ಮುರಿಯುವುದು ಬೇಡ, ಹಾಗೇ ಡಬ್ಬಿಗೆ ಬೀಳಿಸಿ. ಇನ್ಸುಲಿನ್ ಪೆನ್ ಆದರೆ ಸೂಜಿಯ ಒಳಗಿನ ಸಣ್ಣ ಮುಚ್ಚಳ ಮುಟ್ಟದೆ, ಹೊರಗಿನ ದೊಡ್ಡ ಮುಚ್ಚಳ ಮಾತ್ರ ಹಾಕಿ ಸೂಜಿ ತಿರುಗಿಸಿ ತೆಗೆಯಿರಿ. ಪೆನ್ನಿನಲ್ಲೇ ಬಿಟ್ಟರೆ ಇನ್ಸುಲಿನ್ ಸೋರುತ್ತದೆ, ಒಳಗೆ ಗಾಳಿಯೂ ಹೋಗುತ್ತದೆ. ಶುಗರ್ ನೋಡಲು ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ ಕೂಡ ಅದೇ ಡಬ್ಬಿಗೆ. ಅದು ಪುಟ್ಟದು ಅಂತ ಎಲ್ಲರೂ ಮರೆಯುತ್ತಾರೆ.

ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು, ಸುತ್ತಲೂ ಟೇಪ್ ಹಾಕಿ. ನನಗೆ ಒಂದು ಲೀಟರ್ ಡಬ್ಬಿ ಸುಮಾರು ಎರಡು ತಿಂಗಳು ಬರುತ್ತದೆ. ಅಮ್ಮನನ್ನು ತೋರಿಸಲು ಹೋದಾಗ ಅದನ್ನೂ ತೆಗೆದುಕೊಂಡು ಹೋಗಿ. ರಿಸೆಪ್ಷನ್‌ನಲ್ಲಿ ಕೇಳಿದರೆ "ನಮ್ಮಲ್ಲಿ ಆಗಲ್ಲ" ಅನ್ನಬಹುದು. ರಕ್ತ ತೆಗೆಯುವ ಕಡೆ ಸಿಸ್ಟರ್ ಹತ್ತಿರ ಕೇಳಿ. ಆಸ್ಪತ್ರೆಗಳಲ್ಲಿ ಸೂಜಿಗೆ ಅಂತಲೇ ಬಿಳಿ ಡಬ್ಬಿ ಇಟ್ಟಿರುತ್ತಾರೆ, ಅದು ಬೇರೆ ಗಾಡಿಯಲ್ಲಿ ಹೋಗುತ್ತದೆ. ನನ್ನದನ್ನು ತೆಗೆದುಕೊಳ್ಳುವುದು ಅಲ್ಲಿನವರೇ.

ಎಲ್ಲೂ ಒಪ್ಪದಿದ್ದರೆ ಕಸದವರಿಗೇ ಕೊಡಿ, ಆದರೆ ಬೇರೆಯಾಗಿ. 2016ರ ಘನತ್ಯಾಜ್ಯ ನಿಯಮದಲ್ಲೇ ಮನೆಯ ಸೂಜಿ, ಸಿರಿಂಜ್ ಅಪಾಯಕಾರಿ ಕಸದ ಪಟ್ಟಿಯಲ್ಲಿದ್ದವು, ಅಂದರೆ ಬೇರೆಯಾಗಿ ಕೊಡಬೇಕಾದ ಕಸ. ಟೇಪ್ ಸುತ್ತಿದ ಡಬ್ಬಿಯನ್ನು ಬೇರೆ ಕವರಿನಲ್ಲಿ ಹಾಕಿ, ಪೌರಕಾರ್ಮಿಕರ ಕೈಗೇ ಕೊಟ್ಟು, ಒಳಗೆ ಸೂಜಿ ಇದೆ ಅಂತ ಬಾಯಿಬಿಟ್ಟು ಹೇಳಿ.