“ನಮ್ಮ ಮಗಳಲ್ಲಿ ದೇವರ ಸ್ವರೂಪ ಎಷ್ಟಿದೆ?”: ಒಂದು ಆಪ್ತಸಲಹೆ ಪ್ರಕರಣ

(ದಂಪತಿಯ ಒಪ್ಪಿಗೆಯ ಮೇಲೆ ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ತಾಯಿಗೆ 36 ವರ್ಷ, ತಂದೆಗೆ 39. ಏಳು ತಿಂಗಳ ಹೆಣ್ಣುಮಗುವಿಗೆ ಡೌನ್ ಸಿಂಡ್ರೋಮ್. ದೀಕ್ಷಾಸ್ನಾನದ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. “ಇನ್ನೂ ಸ್ವಲ್ಪ ದಿನ ಕಳೀಲಿ” ಎನ್ನುತ್ತಿದ್ದವರು ಅತ್ತೆ. ಮನೆಯಲ್ಲಿ ನಡೆದ ಪ್ರಾರ್ಥನಾಕೂಟದಲ್ಲಿ ಹಿರಿಯ ಹೆಂಗಸೊಬ್ಬರು ವಿಮೋಚನಕಾಂಡ 20:5 ಎತ್ತಿ, ತಂದೆತಾಯಿಯ ಪಾಪವೇ ಮಗುವಿಗೆ ಶಾಪವಾಗಿದೆ, ಅರಿಕೆ ಮಾಡಿಕೊಳ್ಳಿ ಎಂದಿದ್ದರು. ಅಂದಿನಿಂದ ತಾಯಿ ಭಾನುವಾರದ ಆರಾಧನೆಗೆ ಹೋಗಿಲ್ಲ. ತಂದೆಯ ನೋವು ಬೇರೆ ಥರದ್ದು. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಎನ್ನುತ್ತದೆ ಆದಿಕಾಂಡ. ಮನುಷ್ಯನ ಬುದ್ಧಿಶಕ್ತಿಯೇ ಆ ಸ್ವರೂಪ ಎಂದು ಅವರು ಚಿಕ್ಕಂದಿನಿಂದ ಕಲಿತವರು. “ಹಾಗಾದ್ರೆ ನಮ್ಮ ಮಗಳಲ್ಲಿ ಆ ಸ್ವರೂಪ ಎಷ್ಟಿದೆ ಸರ್?” ಎಂದು ಕೇಳಿದರು.

ಮೊದಲ ಭೇಟಿಯಲ್ಲಿ ಸತ್ಯವೇದ ತೆರೆಯಲಿಲ್ಲ. ಅಳು ಮುಗಿಯುವ ಮೊದಲೇ ವಚನ ಹೇಳಿದರೆ ಅದು ಬಾಯಿ ಮುಚ್ಚಿಸುವ ಕೈಯಾಗುತ್ತದೆ. ಆ ದಿನ ಮಾತಾಡಿದ್ದು ವೈದ್ಯಕೀಯ ವಿಷಯ. ಸಾಮಾನ್ಯವಾಗಿ 46 ಇರುವ ಕ್ರೋಮೋಸೋಮ್‌ಗಳು ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ 47. ಅವರಲ್ಲಿ 21ನೆಯದು ಒಂದು ಹೆಚ್ಚಾಗಿರುತ್ತದೆ. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ. ಬಸುರಿಯಾಗಿದ್ದಾಗ ತಿಂದದ್ದಕ್ಕೂ, ಅತ್ತದ್ದಕ್ಕೂ, ಗಂಡನ ಜೊತೆ ಜಗಳವಾಡಿದ್ದಕ್ಕೂ ಸಂಬಂಧವಿಲ್ಲ. ಈ ಕೊನೆಯ ಮಾತನ್ನು ತಾಯಿ ಮೂರು ಸಲ ಹೇಳಿಸಿಕೊಂಡರು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಆಗಿತ್ತು, ಆದರೆ ಥೈರಾಯ್ಡ್ ಪರೀಕ್ಷೆ ತಪ್ಪಿಹೋಗಿತ್ತು. ಅದನ್ನು ಮಾಡಿಸಲು ಮತ್ತು ಫಿಸಿಯೋಥೆರಪಿಗೆ ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಕೇಂದ್ರ) ಹೋಗಲು ಚೀಟಿ ಬರೆದುಕೊಟ್ಟಾಯಿತು.

ಎರಡನೇ ಭೇಟಿಗೆ ಬರುವಾಗ ಸತ್ಯವೇದ, ಪೆನ್ಸಿಲು ತರಲು ಹೇಳಿದ್ದೆವು. ಆದಿಕಾಂಡ 1ನೇ ಅಧ್ಯಾಯವನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ‘ಒಳ್ಳೇದು’ ಬಂದಲ್ಲೆಲ್ಲ ಇನ್ನೊಬ್ಬರು ಗೆರೆ ಎಳೆಯಬೇಕು. ಏಳು ಗೆರೆ ಬೀಳುತ್ತವೆ. ಆಮೇಲೆ 26ರಿಂದ 28ರವರೆಗಿನ ವಚನಗಳಲ್ಲಿ ‘ಬುದ್ಧಿ’ ಎಂಬ ಮಾತು ಎಲ್ಲಿದೆ ಎಂದು ಹುಡುಕಲು ತಂದೆಗೆ ಹೇಳಿದೆವು. ಎರಡು ಸಲ ಓದಿ ಅವರು ತಲೆ ಎತ್ತಿದರು. ಇಲ್ಲವೇ ಇಲ್ಲ.

ಬುದ್ಧಿಯಲ್ಲಿ ಸ್ವರೂಪ ಕಾಣುವ ವ್ಯಾಖ್ಯಾನ ಹಳೆಯದು, ಗೌರವದ್ದು. ಸಂತ ಅಗಸ್ಟಿನ್ ಸ್ಮರಣೆ, ಅರಿವು, ಸಂಕಲ್ಪ ಈ ಮೂರರಲ್ಲಿ ತ್ರಯೇಕತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಒಬ್ಬನೇ ದೇವರ, ಛಾಯೆ ಕಂಡರು. ಅದನ್ನೇ ಅಳತೆಗೋಲು ಮಾಡಿ ಒಂದು ಮಗುವಿಗೆ ಹಿಡಿದದ್ದು ತಪ್ಪು. ‘ಸ್ವರೂಪ’ ಎಂದು ನಾವು ಓದುವ ಕಡೆ ಹೀಬ್ರೂ ಪದ ‘ಚೆಲೆಮ್’. ಪ್ರತಿಮೆಗೂ ಅದೇ ಪದ. ಆ ಕಾಲದ ಈಜಿಪ್ಟ್, ಮೆಸೊಪೊಟೇಮಿಯಗಳಲ್ಲಿ ದೇವರ ಪ್ರತಿಮೆ ಎಂಬ ಬಿರುದು ಮುಖ್ಯವಾಗಿ ಅರಸರದು. ಈಜಿಪ್ಟಿನ ಅರಸ ಟುಟಾಂಖಾಮುನ್‌ನ ಹೆಸರಿನ ಅರ್ಥವೇ ‘ಅಮುನ್ ದೇವರ ಜೀವಂತ ಪ್ರತಿಮೆ’. ಅರಮನೆಯಲ್ಲಿದ್ದ ಆ ಬಿರುದನ್ನು ಆದಿಕಾಂಡ ತಂದು ಗಂಡುಹೆಣ್ಣೆನ್ನದೆ ಮನುಷ್ಯರೆಲ್ಲರ ಮೇಲಿಟ್ಟಿತು, ಯಾರ ಯೋಗ್ಯತೆಯನ್ನೂ ಕೇಳದೆ.

ತಂದೆ ಬಿಡಲಿಲ್ಲ. “28ರಲ್ಲಿ ದೊರೆತನ ಮಾಡಿರಿ ಅಂತಿದೆಯಲ್ಲ, ಇವಳಿಂದ ಅದಾಗುತ್ತಾ?” ಒಳ್ಳೆಯ ಪ್ರಶ್ನೆ. ಉತ್ತರ ವಚನಗಳ ಅನುಕ್ರಮದಲ್ಲೇ ಇದೆ: 27ರಲ್ಲಿ ಸೃಷ್ಟಿ, ಆಮೇಲೆ ಆಶೀರ್ವಾದ, ಕೆಲಸ ಕೊನೆಗೆ. ಇನ್ನೂ ಸ್ಪಷ್ಟವಾಗಬೇಕಿದ್ದರೆ 5:3 ಓದಬೇಕು. ಆದಾಮನಿಗೆ ಸೇತನು ಹುಟ್ಟಿದ್ದನ್ನು ಹೇಳುವಾಗ ಅಲ್ಲಿ ಬಳಸಿದ್ದು ಅವೇ ಎರಡು ಪದಗಳು, ಸ್ವರೂಪ ಮತ್ತು ಹೋಲಿಕೆ. ಮಗು ತಂದೆಯನ್ನು ಹೋಲುವುದಕ್ಕೆ ಏನೂ ಸಾಧಿಸಬೇಕಿಲ್ಲ. ಅವನ ಮಗುವಾಗಿದ್ದರೆ ಸಾಕು. ‘ಎಷ್ಟಿದೆ’ ಎಂಬ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು.

ಈ ಹೊತ್ತಿಗೆ ತಾಯಿ ಹೇಳಿದ ಮಾತು ಮುಖ್ಯ. ಶಾಪ ಅಂದವರ ಮಾತಿನಷ್ಟೇ “ಇವಳು ದೇವರ ಮಗು, ದೇವದೂತೆ ಕಣಮ್ಮ” ಅಂದವರ ಮಾತೂ ಅವರಿಗೆ ಚುಚ್ಚುತ್ತಿತ್ತು. ಅವರ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಎರಡು ಮಾತೂ ಮಗುವನ್ನು ಮನುಷ್ಯರ ಸಾಲಿನಿಂದ ಎಬ್ಬಿಸುತ್ತವೆ, ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ. ಈ ಮಗುವಿಗೂ ಹಟ ಬರುತ್ತದೆ, ಹಸಿವಾಗುತ್ತದೆ, ಮುಂದೆ ಸುಳ್ಳೂ ಹೇಳೀತು. ಮನುಷ್ಯಳಾಗಿರುವ ಹಕ್ಕು ಅವಳಿಗೆ ಆದಿಕಾಂಡ 1:27ರಲ್ಲೇ ಬರೆದಿದೆ.

ಆದಿಕಾಂಡ 1:31ರ ‘ಬಹು ಒಳ್ಳೇದು’ ಎಂಬುದರ ಬಳಕೆಯಲ್ಲಿ ಎಚ್ಚರ ಬೇಕು. ದೇವರು ಒಳ್ಳೇದೆಂದದ್ದು ತಾನು ಉಂಟುಮಾಡಿದ್ದನ್ನು. ಮನೆಗೆ ಬಂದ ಸಂಕಟವನ್ನೆಲ್ಲ ಒಳ್ಳೇದೆನ್ನಿ ಎಂದು ಯಾರನ್ನೂ ಬಲವಂತ ಮಾಡುವ ವಚನ ಅದಲ್ಲ. ಹುಟ್ಟುಕುರುಡನೊಬ್ಬನ ಬಗ್ಗೆ ಯೇಸು ಹೇಳಿದ ಯೋಹಾನ 9:3ರ ವಿಷಯವೂ ಹೀಗೆಯೇ. ‘ಇವನೂ ಪಾಪಮಾಡಲಿಲ್ಲ, ತಂದೆತಾಯಿಗಳೂ ಮಾಡಲಿಲ್ಲ’ ಎಂಬ ಭಾಗವನ್ನು ಅಳು ಮುಗಿದೊಡನೆ ಹೇಳಬಹುದು. ದೇವರ ಕೆಲಸ ಅವನಲ್ಲಿ ತೋರಿಬರುವುದಕ್ಕಾಗಿ ಹೀಗಾಯಿತು ಎಂಬ ಅದರ ಉತ್ತರಾರ್ಧವನ್ನು ಎಳೆಗೂಸಿನ ತಾಯಿಗೆ ವಿವರಿಸಲು ಆತುರಪಡಬಾರದು. ಮಗುವಿಗೊಂದು ‘ಉದ್ದೇಶ’ ಹುಡುಕುವ ಹೊರೆಯೂ ಅವರ ತಲೆಗೇರುತ್ತದೆ.

ಕೊಟ್ಟ ಸಲಹೆ ಇಷ್ಟು. ಅತ್ತೆಯ ಜೊತೆ ಮಾತಾಡಬೇಕಾದವರು ಮಗ, ಸೊಸೆಯಲ್ಲ. ಪ್ರಾರ್ಥನಾಕೂಟದವರಿಗೆ ವಾದ ಬೇಡ. ಯೆಹೆಜ್ಕೇಲ 18:20 ಮತ್ತು ಯಾಕೋಬ 3:9 ಓದಿಸಿ: ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಎನ್ನುತ್ತದೆ ಮೊದಲನೆಯದು; ಕರ್ತನನ್ನು ಕೊಂಡಾಡುವ ನಾಲಿಗೆಯಿಂದಲೇ ದೇವರ ಹೋಲಿಕೆಯಲ್ಲಿ ಉಂಟಾದವರನ್ನು ಶಪಿಸುತ್ತೇವೆ ಎನ್ನುತ್ತದೆ ಎರಡನೆಯದು. ಸಭಾಪಾಲಕರಿಗೆ ಎರಡು ವಿನಂತಿ: ದೀಕ್ಷಾಸ್ನಾನ ಬೇರೆ ಮಕ್ಕಳ ಜೊತೆಗೇ ಆಗಲಿ, ವೇದಿಕೆಯಿಂದ ‘ವಿಶೇಷ ಮಗು’ ಎನ್ನದೆ ಹೆಸರು ಹಿಡಿದು ಕರೆಯಲಿ.

ಇನ್ನೊಂದು, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ತುರ್ತಿನದು. ಸತ್ಯವೇದದಲ್ಲಿ ದೇವರು ಮೊದಲ ಸಲ ‘ಒಳ್ಳೇದಲ್ಲ’ ಎಂದದ್ದು ಆದಿಕಾಂಡ 2:18ರಲ್ಲಿ, ಪಾಪ ಬರುವುದಕ್ಕೂ ಮುಂಚೆ, ಮನುಷ್ಯನ ಒಂಟಿತನದ ಬಗ್ಗೆ. ತಾಯಿ ಏಳು ತಿಂಗಳಿಂದ ಒಂಟಿ, ರಾತ್ರಿ ನಾಲ್ಕು ಗಂಟೆಯೂ ನಿದ್ದೆಯಿಲ್ಲ. ಸ್ತ್ರೀಸಂಘದ ಇಬ್ಬರು ವಾರಕ್ಕೆರಡು ಮಧ್ಯಾಹ್ನ ಬಂದು ಮಗುವನ್ನೆತ್ತಿಕೊಳ್ಳಬೇಕು, ತಾಯಿ ಮಲಗಬೇಕು. ಬಂದವರು ಉಪದೇಶ ಮಾಡಕೂಡದು. ನಿದ್ದೆ ಸಿಕ್ಕ ಮೇಲೂ ಎರಡು ವಾರ ಅಳು, ಊಟ ಸೇರದಿರುವುದು ಮುಂದುವರಿದರೆ, ಅಥವಾ ಸಾಯುವ ಮಾತು ಬಂದರೆ ಅಂದೇ, ಮನೋವೈದ್ಯರಲ್ಲಿಗೆ ಹೋಗಬೇಕು ಎಂದು ಇಬ್ಬರಿಗೂ ತಿಳಿಸಿದೆ.

ನಾಲ್ಕನೇ ಭೇಟಿಗೆ ಬಂದಾಗ ಥೈರಾಯ್ಡ್ ಮಾತ್ರೆ ಶುರುವಾಗಿತ್ತು. ಅತ್ತೆ ಇನ್ನೂ ಒಪ್ಪಿಲ್ಲ. ದೀಕ್ಷಾಸ್ನಾನಕ್ಕೆ ಮುಂದಿನ ತಿಂಗಳ ಎರಡನೇ ಭಾನುವಾರ ಗೊತ್ತಾಗಿದೆ, ಇನ್ನೆರಡು ಮಕ್ಕಳ ಜೊತೆ.