ಪ್ಯಾರಿಸ್ ಮ್ಯೂಸಿಯಂ ಪಾಸ್: ಮಕ್ಕಳಿಗೆ ಬೇಡ

ಮೂರು ದಿನದ ಪ್ಯಾರಿಸ್ ಪ್ರವಾಸಕ್ಕೆ ನಿಮಗೆ, ಯಜಮಾನರಿಗೆ, ಹದಿನೈದು ಮತ್ತು ಹತ್ತು ವರ್ಷದ ಮಕ್ಕಳಿಗೆ ಒಟ್ಟು ನಾಲ್ಕು ಮ್ಯೂಸಿಯಂ ಪಾಸ್ (ಹಲವು ಮ್ಯೂಸಿಯಂ, ಸ್ಮಾರಕಗಳಿಗೆ ಒಂದೇ ಟಿಕೆಟ್) ಕೊಳ್ಳಬೇಕೇ ಎಂದು ಕೇಳಿದ್ದೀರಿ. ಮಕ್ಕಳಿಗೆ ಖಂಡಿತ ಬೇಡ ಮೇಡಂ. ಲೂವ್ರ್ ಮತ್ತು ಓರ್ಸೆ ಮ್ಯೂಸಿಯಂ, ವರ್ಸೈ ಅರಮನೆ, ಮೂರರಲ್ಲೂ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಕೈಯಲ್ಲಿರಲಿ.

ದೊಡ್ಡವರ ಲೆಕ್ಕ ಸ್ವಲ್ಪ ಬೇರೆ. ಪಾಸ್ ಸಿಗುವುದು 48, 96 ಮತ್ತು 144 ಗಂಟೆಗಳಿಗೆ. ನಿಮ್ಮ ಮೂರು ದಿನ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಗಂಟೆ ಶುರುವಾಗುವುದು ಮೊದಲ ಬಾಗಿಲು ದಾಟಿದಾಗ. ಮೊದಲ ದಿನ ಬೆಳಿಗ್ಗೆ ಸೇನ್ ನದಿಯ ದಡದಲ್ಲಿ ಸುಮ್ಮನೆ ಅಡ್ಡಾಡಿ, ಮಧ್ಯಾಹ್ನ ಎರಡಕ್ಕೆ ಪಾಸ್ ಬಳಸಿದರೆ ಮೂರನೆಯ ದಿನ ಎರಡರವರೆಗೂ ನಡೆಯುತ್ತದೆ. 48 ಗಂಟೆಯದೇ ಸಾಕು. ದಿನಕ್ಕೆ ಒಂದೇ ಜಾಗ ನೋಡುವವರಾದರೆ ಅದೂ ಬೇಡ, ಬಿಡಿ ಟಿಕೆಟ್ಟೇ ಅಗ್ಗ.

ಪಾಸ್ ಇದ್ದರೂ ಲೂವ್ರ್ ಮತ್ತು ವರ್ಸೈಗೆ ಮುಂಚಿತವಾಗಿ ಸಮಯ ಕಾದಿರಿಸಬೇಕು, ಮಕ್ಕಳ ಹೆಸರಿನಲ್ಲೂ. ಐಫೆಲ್ ಗೋಪುರ ಪಾಸಿನಲ್ಲಿ ಇಲ್ಲವೇ ಇಲ್ಲ; ಮೆಟ್ರೋ, ಬಸ್ಸೂ ಇಲ್ಲ.

ವಾರದ ರಜೆಯನ್ನೂ ನೋಡಿಕೊಳ್ಳಿ: ಲೂವ್ರ್‌ಗೆ ಮಂಗಳವಾರ, ಓರ್ಸೆ ಮತ್ತು ವರ್ಸೈಗೆ ಸೋಮವಾರ. ನಾನು ಮಂಗಳವಾರವೇ ಹೋಗಿ, ಲೂವ್ರ್‌ನ ಮುಚ್ಚಿದ ಗಾಜಿನ ಪಿರಮಿಡ್ಡಿನ ಬಾಗಿಲ ಮುಂದೆ ನಿಂತು, ಡಬ್ಬಿಯಲ್ಲಿದ್ದ ಚಪಾತಿ ತಿಂದು ಬಂದವನು.

ಸಂಜೆ ಕಾಲಲ್ಲಿ ಕಸುವು ಉಳಿದಿದ್ದರೆ ಆರ್ಕ್ ದ ತ್ರಿಯೋಂಫ್ ಎಂಬ ವಿಜಯ ಕಮಾನು ಹತ್ತಿ, ಅದು ಪಾಸಿನಲ್ಲಿದೆ. ಮೆಟ್ಟಿಲು 284.