ಇಂಜಿನಿಯರಿಂಗ್ ಆಯ್ತು, ಇನ್ನು ಪಬ್ಲಿಕ್ ಪಾಲಿಸಿ ಓದಬಹುದಾ?

ಪ್ರಶ್ನೆ: ಅಕ್ಕಾ, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಟೆಕ್. ಈ ವರ್ಷ ಮುಗಿಯುತ್ತದೆ. ಕೋಡಿಂಗ್ ಬರುತ್ತದೆ, ಆದರೆ ಮನಸ್ಸು ಬೇರೆ ಕಡೆ ಇದೆ. ಆಧಾರ್, ಎಐ, ಮುಖ ಗುರುತಿಸುವ ಕ್ಯಾಮೆರಾ ಇವಕ್ಕೆಲ್ಲ ನಿಯಮ ಮಾಡುವವರು ಯಾರು, ಸರಿ ತಪ್ಪು ನೋಡುವವರು ಯಾರು ಅಂತ ಓದಬೇಕು. ಇದಕ್ಕೆ ಸ್ನಾತಕೋತ್ತರ ಕೋರ್ಸ್ ಇದೆಯಾ? ವಿದೇಶಕ್ಕೇ ಹೋಗಬೇಕಾ? ಕೆಲಸ ಸಿಗುತ್ತದಾ ಅಂತ ಅಪ್ಪ ಕೇಳುತ್ತಿದ್ದಾರೆ.
– ಓದುಗಿ, ಬದಿಯಡ್ಕ

ಉತ್ತರ: ಓದಿ, ಧೈರ್ಯವಾಗಿ ಓದಿ. ನಾನು ಕುಂಬಳೆ ಕಡೆಯವಳು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಪಬ್ಲಿಕ್ ಪಾಲಿಸಿ, ಅಂದರೆ ಸರಕಾರದ ನಿಯಮ, ಯೋಜನೆಗಳನ್ನು ರೂಪಿಸುವ ವಿಷಯ ಓದಿ, ಈಗ ಅದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕೋರ್ಸುಗಳ ಹೆಸರು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮ ಕೈಯಲ್ಲಿ ನಿಮ್ಮದೇ ಆದ ಒಂದು ಪ್ರಶ್ನೆ ಇರಬೇಕು. ‘ಎಐ ಬಗ್ಗೆ ಆಸಕ್ತಿ ಇದೆ’ ಎಂದು ಎಲ್ಲರೂ ಬರೆಯುತ್ತಾರೆ. ಅಷ್ಟರಿಂದ ಅರ್ಜಿ ಓದುವವರಿಗೆ ನೀವು ಯಾರು ಅಂತ ಗೊತ್ತಾಗುವುದಿಲ್ಲ.

ಕಾಸರಗೋಡಿನಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. ನನ್ನ ಚಿಕ್ಕಮ್ಮ ಬೀಡಿ ಕಟ್ಟಿ ಮನೆ ನಡೆಸಿದವರು. ಬೆರಳ ತುದಿ ಸವೆದು ನುಣುಪಾಗಿದೆ. ರೇಷನ್ ಅಂಗಡಿಯ ಯಂತ್ರ ಎಷ್ಟೋ ಸಲ ಅವರನ್ನು ಗುರುತಿಸುವುದಿಲ್ಲ. ಬೆರಳಚ್ಚು ಆಗದಿದ್ದರೆ ಒಟಿಪಿ ಅನ್ನುತ್ತಾರೆ. ಆ ಒಟಿಪಿ ಹೋಗುವುದು ದುಬೈಯಲ್ಲಿರುವ ಮಗನ ಫೋನಿಗೆ! ಅವನು ಡ್ಯೂಟಿ ಮುಗಿಸಿ ನೋಡುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಯಂತ್ರ ತಪ್ಪಿದಾಗ ಅಕ್ಕಿ ಇಲ್ಲದೆ ಹೋಗಬೇಕಾದವರು ಯಾರು? ಇದು ಸರಿ ತಪ್ಪಿನ, ಅಂದರೆ ಎಥಿಕ್ಸ್‌ನ ಪ್ರಶ್ನೆ. ಬೇರೆ ದಾರಿ ಏನು, ಅದನ್ನು ಯಾವ ನಿಯಮದಲ್ಲಿ ಬರೆಯಬೇಕು, ಅಂಗಡಿಯವರಿಗೆ ಅದು ಗೊತ್ತಾಗುವ ಹಾಗೆ ಮಾಡುವುದು ಹೇಗೆ? ಇದು ಪಾಲಿಸಿ. ನೀವು ಓದಬೇಕು ಅನ್ನುತ್ತಿರುವುದು ಇದನ್ನೇ.

ಇನ್ನೊಂದು, ಭಾಷೆ. ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಬರೆದಿದ್ದರು. ಅದು ಕಾಗದದ ಕಾಲದ ಮಾತು. ಅರ್ಜಿಯೆಲ್ಲ ಆ್ಯಪ್‌ಗೆ ಬಂದಾಗ ಆ ಹಕ್ಕಿನ ಕಥೆ ಏನು? ಇದರ ಮೇಲೆ ಒಂದು ಒಳ್ಳೆಯ ಪ್ರಬಂಧ ಬರೆಯಲು ಕನ್ನಡ, ಮಲಯಾಳಂ ಎರಡೂ ಓದಲು ಬರಬೇಕು, ಸಾಫ್ಟ್‌ವೇರ್ ಒಳಗೆ ಏನಾಗುತ್ತದೆ ಅಂತಲೂ ಗೊತ್ತಿರಬೇಕು. ನಿಮ್ಮಂಥವರು ಜಾಸ್ತಿ ಜನ ಇಲ್ಲ. ಕನ್ನಡ ಮಾಧ್ಯಮ ಅಂತ ಸಂಕೋಚ ಪಡಬೇಡಿ.

ಎಂಡೋಸಲ್ಫಾನ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಅದನ್ನು ಪಾಠವಾಗಿ ಮತ್ತೆ ಓದಿ ನೋಡಿ. ಸರಕಾರಿ ನಿಗಮದ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಈ ಕೀಟನಾಶಕ ವಿಷ ಸಿಂಪಡಿಸಿದರು. ಕಾಯಿಲೆಗಳನ್ನು ಮೊದಲು ಗುರುತಿಸಿ ದಾಖಲಿಸಿದ್ದು ದೊಡ್ಡ ಸಂಸ್ಥೆಗಳಲ್ಲ. ಪಡ್ರೆ ಕಡೆಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇಂಥವರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರ ಜನವರಿಯಲ್ಲಿ. ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಅನ್ನುವ ಜಗಳ ಆಮೇಲೂ ನಿಲ್ಲಲಿಲ್ಲ. ತಂತ್ರಜ್ಞಾನ ಹಾನಿ ಮಾಡಿದೆ ಅಂತ ಸಾಬೀತು ಮಾಡುವ ಹೊರೆ ಯಾರ ತಲೆ ಮೇಲೆ ಇರಬೇಕು? ಎಐ ಬಗ್ಗೆ ಇವತ್ತು ಜಗತ್ತು ಕೇಳುತ್ತಿರುವುದೂ ಇದನ್ನೇ ಅಲ್ವಾ?

ಅರ್ಜಿ ಹಾಕುವ ಮೊದಲು ತೀರ್ಪುಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಆಧಾರ್ ತೀರ್ಪಿನಲ್ಲಿ ಬಹುಮತದ ಅಭಿಪ್ರಾಯವನ್ನೂ ನ್ಯಾಯಮೂರ್ತಿ ಚಂದ್ರಚೂಡರ ಭಿನ್ನಮತವನ್ನೂ ಅಕ್ಕಪಕ್ಕ ಇಟ್ಟು ಓದಿ. ಕೋವಿಡ್ ಸಮಯದ ಸ್ಪ್ರಿಂಕ್ಲರ್ ಪ್ರಕರಣವೂ ಇದೆ. ಜನರ ಆರೋಗ್ಯ ಮಾಹಿತಿಯನ್ನು ಆ ಅಮೆರಿಕನ್ ಕಂಪನಿಗೆ ಕೊಡುವ ಮೊದಲು ಹೆಸರು, ಗುರುತು ತೆಗೆಯಬೇಕು, ಜನರ ಒಪ್ಪಿಗೆ ಪಡೆಯಬೇಕು ಎಂದು ಕೇರಳ ಹೈಕೋರ್ಟ್ 2020ರ ಏಪ್ರಿಲ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು.

ಈಗ ಕೋರ್ಸು. ನಿಮಗೆ ಅತಿ ಹತ್ತಿರದ್ದು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿ ಸಾರ್ವಜನಿಕ ಆಡಳಿತ ಮತ್ತು ಪಾಲಿಸಿ ಅಧ್ಯಯನದಲ್ಲಿ ಎಂ.ಎ. ಇದೆ. ಮನೆಯಿಂದ ಬಸ್ಸಲ್ಲಿ ಹೋಗಿಬರುವ ದೂರ. ಸಾಲ ಮಾಡಲು ಇಷ್ಟವಿಲ್ಲದಿದ್ದರೆ ಇದನ್ನು ಮೊದಲು ನೋಡಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ಎಂಪಿಪಿ (ಮಾಸ್ಟರ್ಸ್ ಇನ್ ಪಬ್ಲಿಕ್ ಪಾಲಿಸಿ) ಎರಡು ವರ್ಷದ್ದು, 2014ರಲ್ಲಿ ಶುರುವಾಯಿತು. ಕಾನೂನಿನ ನೆಲೆಯಲ್ಲಿ ಓದಬೇಕಾದರೆ ಇದು ಒಳ್ಳೆಯದು, ಆದರೆ ಫೀಸು ಲಕ್ಷಗಟ್ಟಲೆ. ದೆಹಲಿ ಮತ್ತು ಬಾಂಬೆ ಐಐಟಿಗಳಲ್ಲೂ ಪಬ್ಲಿಕ್ ಪಾಲಿಸಿ ಇದೆ. ಇಷ್ಟವಾಗುತ್ತದಾ ಇಲ್ಲವಾ ಅಂತ ಮೊದಲು ನೋಡಬೇಕಾದರೆ ತಕ್ಷಶಿಲಾ ಸಂಸ್ಥೆಯ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್ ಮಾಡಬಹುದು. ಅದರಲ್ಲಿ ತಂತ್ರಜ್ಞಾನ ಮತ್ತು ಪಾಲಿಸಿ ಅಂತಲೇ ಒಂದು ವಿಭಾಗ ಇದೆ.

ವಿದೇಶಕ್ಕೆ ಹೋಗಲೇಬೇಕು ಅಂತ ಇಲ್ಲ. ಹೋಗುವುದಾದರೆ ಕೇಂಬ್ರಿಡ್ಜ್‌ನಲ್ಲಿ ಎಐ, ಡೇಟಾ ಮತ್ತು ಅಲ್ಗಾರಿದಮ್ ಎಥಿಕ್ಸ್ ಮೇಲೆ ಎಂ.ಫಿಲ್. ಇದೆ. ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟ್ ಇದೆ. ಅಮೆರಿಕದ ಎಂಐಟಿಯ ತಂತ್ರಜ್ಞಾನ ಮತ್ತು ಪಾಲಿಸಿ ಕೋರ್ಸ್ ಬಹಳ ಹಳೆಯದು. ಸ್ಕಾಲರ್‌ಶಿಪ್ ಇಲ್ಲದೆ ಹೋಗಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಬ್ರಿಟನ್ನಿನ ಚೀವನಿಂಗ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಹಾಗಾಗಿ ಈಗಲೇ ಅದಕ್ಕೆ ಅವಸರ ಮಾಡಿ ಪ್ರಯೋಜನವಿಲ್ಲ.

ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ. ಶುರುವಿನಲ್ಲಿ ಸಂಬಳ ಒಳ್ಳೆಯ ಸಾಫ್ಟ್‌ವೇರ್ ಕಂಪನಿಗಿಂತ ಕಮ್ಮಿ, ಅದನ್ನು ಅವರಿಗೆ ಮುಚ್ಚಿಡಬೇಡಿ. ಆದರೆ ಕೆಲಸ ಇದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಬಂದಮೇಲೆ ಕಾನೂನು, ತಂತ್ರಜ್ಞಾನ ಎರಡೂ ಬಲ್ಲವರು ಕಂಪನಿಗಳಿಗೂ ಬೇಕು. ಸಂಶೋಧನಾ ಸಂಸ್ಥೆಗಳಿವೆ, ಸರಕಾರಿ ಯೋಜನೆಗಳಿವೆ. ಡಿಗ್ರಿ ಆದ ಕೂಡಲೇ ಪ್ರಯತ್ನಿಸಬಹುದಾದದ್ದು, ಶಾಸನಗಳ ಬಗ್ಗೆ ಸಂಶೋಧನೆ ಮಾಡುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್. ಒಬ್ಬ ಸಂಸದರ ಜೊತೆ ಸುಮಾರು ಒಂದು ವರ್ಷ ಕೆಲಸ. ಕಾಯ್ದೆ ಹೇಗೆ ಆಗುತ್ತದೆ ಅಂತ ಕಣ್ಣಾರೆ ನೋಡಬಹುದು. ನನ್ನನ್ನು ಕೇಳಿದರೆ, ಎಂ.ಎ.ಗೆ ಸೇರುವ ಮೊದಲು ಇದನ್ನೇ ಮಾಡಿ.

ಪ್ರಶ್ನೆ: ನನ್ನ ಮಗನದ್ದು ಬಿ.ಎ. ಚರಿತ್ರೆ. ಅವನೂ ಈ ವಿಷಯ ಓದಬಹುದೇ, ಅಥವಾ ಇಂಜಿನಿಯರುಗಳಿಗೆ ಮಾತ್ರವೇ?
– ಓದುಗರು, ಮಂಜೇಶ್ವರ

ಉತ್ತರ: ಧಾರಾಳವಾಗಿ ಓದಬಹುದು. ಲಾ ಸ್ಕೂಲ್‌ನ ಎಂಪಿಪಿಗೆ ಯಾವ ಪದವಿಯಾದರೂ ಆಗುತ್ತದೆ, ಪ್ರವೇಶ ಪರೀಕ್ಷೆಯಲ್ಲಿ ಬರವಣಿಗೆಗೂ ಅಂಕ ಇದೆ. ಚರಿತ್ರೆ ಓದಿದವರಿಗೆ ಅದು ಕಷ್ಟವಾಗದು. ಆದರೆ ಅವನು ಸ್ವಲ್ಪ ಸಂಖ್ಯಾಶಾಸ್ತ್ರ ಕಲಿಯಲಿ. ಯಂತ್ರ ನೂರರಲ್ಲಿ ಒಬ್ಬರನ್ನು ತಪ್ಪಾಗಿ ಗುರುತಿಸುತ್ತದೆ ಅಂದರೆ ಒಂದು ಇಡೀ ಜಿಲ್ಲೆಯಲ್ಲಿ ಎಷ್ಟು ಜನರಿಗೆ ತೊಂದರೆಯಾಗುತ್ತದೆ ಅಂತ ಲೆಕ್ಕ ಹಾಕಲು ಬಂದರೆ, ತರಗತಿಯಲ್ಲಿ ಇಂಜಿನಿಯರುಗಳ ಜೊತೆ ಸರಿಸಮವಾಗಿ ಕೂತು ವಾದ ಮಾಡುತ್ತಾನೆ.